ಮೇವು ಕೇಳದ ಬೆಳೆ

ನಮ್ಮಜ್ಜ ತೆಂಗಿನ ಬುಡಕ್ಕೆ ಹಾಕುತ್ತಿದ್ದ ಗೊಬ್ಬರ ಯಾವುದು ಗೊತ್ತಾ? ಬೈಗೆ ಮೀನು. ನಮ್ಮ ಕುಂದಾಪುರದ ಕಡೆ ಬೈಗೆ, ಮಂಗಳೂರಿನಲ್ಲಿ ಬೂತಾಯಿ, ಕಾರವಾರಕ್ಕೆ ಹೋದರೆ ತಾರ್ಲೆ. ಬಲೆಗೆ ವಿಪರೀತ ಬಿದ್ದ ವರ್ಷ ತಿಂದು, ಹಂಚಿ, ಒಣಗಿಸಿ, ಆಮೇಲೂ ಮಿಕ್ಕಿದ್ದನ್ನು ಗಾಡಿಯಲ್ಲಿ ತರುತ್ತಿದ್ದರು. ಬುಡ ಬಿಡಿಸಿ, ಬುಟ್ಟಿಗಟ್ಟಲೆ ಸುರಿದು, ಮಣ್ಣು ಮುಚ್ಚುತ್ತಿದ್ದರು. ಆಮೇಲೆ ಒಂದು ವಾರ ತೋಟದ ಕಡೆ ಮೂಗು ಹಾಕುವ ಹಾಗಿರಲಿಲ್ಲ. ಅದೇ ಮೀನಿನ ಎಣ್ಣೆ ತೆಗೆದು ದೋಣಿಯ ಹಲಗೆಗೂ ಬಳಿಯುತ್ತಿದ್ದರು. ಹುಡುಗರಾಗಿದ್ದ ನಮಗೆ ಅದೆಲ್ಲ ಮಾಮೂಲಿ. ಮೀನುಗಾರಿಕೆ ಓದಲು ಹೋದ ಮೇಲೆಯೇ ನನಗೆ ಹೊಳೆದದ್ದು, ಜಗತ್ತಿನ ಒಳ್ಳೆಯ ಆಹಾರಗಳಲ್ಲಿ ಒಂದನ್ನು ನಾವು ಮಣ್ಣಿಗೆ ಹಾಕುತ್ತಿದ್ದೆವು ಅಂತ.

ಇವತ್ತು ನನಗೆ ಕೊಟ್ಟ ವಿಷಯ ಕಡಲಕಳೆ, ಅಂದರೆ ಕಡಲಿನಲ್ಲಿ ಬೆಳೆಯುವ ದೊಡ್ಡ ಪಾಚಿ. ಅದನ್ನೂ ಹೇಳುತ್ತೇನೆ. ಆದರೆ ಕಳೆ, ಚಿಪ್ಪು, ಸಣ್ಣ ಮೀನು, ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿಕೊಂಡು ಮಾತಾಡಬೇಕು ಅಂತ ನನ್ನಾಸೆ. ಯಾಕೆಂದರೆ ಮೂರಕ್ಕೂ ಒಂದು ಗುಣ ಸಮಾನ. ಯಾವುದಕ್ಕೂ ನಾವು ಮೇವು ಹಾಕಬೇಕಾಗಿಲ್ಲ.

ಕೋಳಿ ಸಾಕಿದವರನ್ನು ಕೇಳಿ, ಖರ್ಚಿನಲ್ಲಿ ದೊಡ್ಡ ಪಾಲು ಯಾವುದಕ್ಕೆ ಅಂತ. ಮೇವಿಗೆ. ಹಸುವಿನದ್ದೂ ಅದೇ ಪಾಡು, ಕೊಳದ ಸಿಗಡಿಯದ್ದೂ ಅದೇ. ಆ ಮೇವು ಎಲ್ಲೋ ಒಂದು ಹೊಲದಲ್ಲಿ ಬೆಳೆಯಬೇಕು. ಆ ಹೊಲಕ್ಕೆ ನೀರು, ಯೂರಿಯಾ, ಟ್ರ್ಯಾಕ್ಟರಿಗೆ ಡೀಸೆಲ್ ಬೇಕು. ಹವಾಮಾನದ ಲೆಕ್ಕದಲ್ಲಿ ಮಾಂಸದ ಹೊರೆ ಏರುವುದಕ್ಕೆ ಅದೂ ಒಂದು ದೊಡ್ಡ ಕಾರಣ. ಕಡಲಕಳೆಗೆ ಇದ್ಯಾವುದೂ ಬೇಡ. ಬಿಸಿಲು ಬೇಕು, ಉಪ್ಪುನೀರು ಬೇಕು, ಆ ನೀರಿನಲ್ಲಿ ಕರಗಿದ ಸಾರಜನಕ, ರಂಜಕ ಸಾಕು. ಪಚ್ಚಿಲೆ, ಮರುವಾಯಿಯಂಥ ಚಿಪ್ಪುಜೀವಿಗಳು ನೀರನ್ನೇ ಸೋಸಿ ಅದರಲ್ಲಿರುವ ಕಣ್ಣಿಗೆ ಕಾಣದ ಪಾಚಿ ತಿಂದು ಬದುಕುತ್ತವೆ. ಬೈಗೆಯೂ ಹೆಚ್ಚುಕಡಿಮೆ ಅದೇ ತಿನ್ನುವುದು. 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ನೀರಿನ ಆಹಾರಗಳ ದೊಡ್ಡ ಹೋಲಿಕೆಯೊಂದು ಬಂತು. ಸಾಕಿ ಬೆಳೆಸಿದವುಗಳಲ್ಲಿ ಕಡಿಮೆ ಹೊರೆ ಹೊರಿಸುವವು ಕಡಲಕಳೆ ಮತ್ತು ಚಿಪ್ಪುಗಳು. ಹಿಡಿದು ತಂದ ಮೀನುಗಳಲ್ಲಿ ಬೈಗೆಯಂಥ ಗುಂಪುಮೀನುಗಳು. ಅಜ್ಜನ ಗೊಬ್ಬರದ ಗಾಡಿ ನೆನಪಾಯಿತು.

ಇಲ್ಲಿ ಕೂತಿರುವವರಲ್ಲಿ ಅರ್ಧಕ್ಕರ್ಧ ಜನ ಮೀನು ಮುಟ್ಟದವರು ಅಂತ ಕಾಣುತ್ತದೆ. ಗಾಬರಿ ಬೇಡ. ಕಡಲಕಳೆಯನ್ನು ನೀವೆಲ್ಲ ತಿಂದಿದ್ದೀರಿ. ದಿನಸಿ ಅಂಗಡಿಯಲ್ಲಿ ಬಿಳಿ ದಾರದ ಕಂತೆಯ ಹಾಗೆ ಸಿಗುವ ಚೈನಾ ಗ್ರಾಸ್ ಇದೆಯಲ್ಲ, ಹಾಲಿಗೆ ಹಾಕಿ ಕುದಿಸಿ ಆರಿಸಿದರೆ ಗಟ್ಟಿಯಾಗುತ್ತದಲ್ಲ, ಅದು ಹುಲ್ಲೂ ಅಲ್ಲ, ಚೀನಾದ್ದೇ ಆಗಬೇಕಾಗಿಯೂ ಇಲ್ಲ. ಕೆಂಪು ಕಡಲಕಳೆಯನ್ನು ಬೇಯಿಸಿ ತೆಗೆದ ಅಗರ್. ಐಸ್‌ಕ್ರೀಮ್, ಚಾಕೊಲೇಟ್ ಹಾಲು, ಟೂತ್‌ಪೇಸ್ಟ್‌ಗಳಲ್ಲಿ ಎಷ್ಟೋ ಸಲ ಇರುವ ಕ್ಯಾರಗೀನನ್ ಕೂಡ ಕಡಲಕಳೆಯದ್ದೇ. ಹೊಲ ಇರುವವರು ಇಫ್ಕೋದ ಸಾಗರಿಕಾ ಬಾಟಲಿ ನೋಡಿರುತ್ತೀರಿ. ಅದೂ ಕಡಲಕಳೆಯ ರಸ.

2022ರಲ್ಲಿ ಜಗತ್ತಿನಲ್ಲಿ ಬೆಳೆದ, ಕೊಯ್ದ ಪಾಚಿಯ ಒಟ್ಟು ತೂಕ 3.78 ಕೋಟಿ ಟನ್, ಹಸಿ ಲೆಕ್ಕದಲ್ಲಿ. ಚೀನಾ, ಇಂಡೊನೇಷ್ಯಾ, ಕೊರಿಯಾ, ಫಿಲಿಪ್ಪೀನ್ಸ್‌ಗಳದ್ದೇ ಕಾರುಬಾರು. ಇಷ್ಟುದ್ದ ಕರಾವಳಿ ಇಟ್ಟುಕೊಂಡೂ ನಮ್ಮ ದೇಶದ ಪಾಲು ಶೇಕಡಾ ಒಂದೂ ಇಲ್ಲ. ಇರುವ ಅಷ್ಟಿಷ್ಟರಲ್ಲಿ ಹೆಚ್ಚಿನದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯದು, ಮಂಡಪಂ, ಪಾಂಬನ್, ರಾಮೇಶ್ವರದ ಸುತ್ತಮುತ್ತ. ರಾಮೇಶ್ವರಕ್ಕೆ ಹೋದವರು ಸೇತುವೆ ನೋಡಿ ಬರುತ್ತೀರಿ. ಮುಂದಿನ ಸಲ ಮಂಡಪಂನಲ್ಲಿ ಇಳಿದು ದಂಡೆಗೆ ನಡೆಯಿರಿ.

ಅಲ್ಲಿನ ಹೆಂಗಸರು ತಲೆತಲಾಂತರದಿಂದ ಕಳೆ ಕೀಳುವವರು. ಬೆರಳಿಗೆ ಬಟ್ಟೆಯ ಚೂರು ಸುತ್ತಿಕೊಂಡು, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು, ಉಸಿರು ಹಿಡಿದು ಮುಳುಗಿ ಬಂಡೆಯಿಂದ ಕಿತ್ತು ತರುತ್ತಾರೆ. ಒಂದೊಂದು ಕಳೆಗೂ ಅವರಲ್ಲಿ ಹೆಸರಿದೆ. ಒಂದು ಮರಿಕೊಳುಂದು ಪಾಸಿ, ಇನ್ನೊಂದು ಕಂಜಿ ಪಾಸಿ. ಹಿಂದೆ ಅದರಿಂದ ಗಂಜಿ ಕಾಯಿಸುತ್ತಿದ್ದರು, ಹಾಗಾಗಿ ಕಂಜಿ. ಮೂರನೆಯ ಹೆಸರು ಕೇಳಿ ನಾನು ನಕ್ಕುಬಿಟ್ಟೆ: ಪೆಪ್ಸಿ ಪಾಸಿ.

ಅದರ ನಿಜವಾದ ಹೆಸರು ಕಪ್ಪಾಫೈಕಸ್. ಫಿಲಿಪ್ಪೀನ್ಸ್ ಮೂಲದ್ದು. 1980ರ ದಶಕದಲ್ಲಿ ಭಾವನಗರದ ಕೇಂದ್ರ ಉಪ್ಪು ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರ ಒಂದು ಚೂರನ್ನು ತರಿಸಿ ಪಳಗಿಸಿದರು. ಆಮೇಲೆ ಪೆಪ್ಸಿ ಕಂಪನಿ ಮಂಡಪಂನಲ್ಲಿ ಬೆಳೆಸಲು ಇಳಿಯಿತು. ಕಂಪನಿ ಕೆಲವು ವರ್ಷಕ್ಕೆ ಕೈಬಿಟ್ಟಿತು. ಹೆಸರು ಮಾತ್ರ ದಂಡೆಯಲ್ಲೇ ಉಳಿಯಿತು.

ಬೆಳೆಸುವ ಕ್ರಮ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಬಿದಿರಿನ ತೆಪ್ಪ. ಅದಕ್ಕೆ ಅಡ್ಡಡ್ಡ ಇಪ್ಪತ್ತು ಹಗ್ಗ. ಹಗ್ಗಕ್ಕೆ ಗೇಣು ಗೇಣಿಗೊಂದರಂತೆ ಕಳೆಯ ತುಂಡು ಕಟ್ಟುತ್ತಾರೆ, ಮಲ್ಲಿಗೆ ಕಟ್ಟುವವರ ಹಾಗೆ ಸಾಲಾಗಿ ಕೂತು, ಮಾತಾಡುತ್ತಾ, ಕೈ ಕಡೆ ನೋಡದೆ. ಕೆಳಗೆ ಒಂದು ಬಲೆ ಬಿಗಿಯುತ್ತಾರೆ, ಮೀನು ಬಂದು ಮೇಯಬಾರದಲ್ಲ. ತೆಪ್ಪವನ್ನು ನೀರಿಗೆ ತಳ್ಳಿ ಲಂಗರು ಹಾಕಿದರೆ 45 ದಿನ. 60 ಕಿಲೋ ಬೀಜ (ಕಳೆಯ ತುಂಡಿಗೇ ಬೀಜ ಅನ್ನುತ್ತಾರೆ) ಕಟ್ಟಿದರೆ ಸುಮಾರು 260 ಕಿಲೋ ಸಿಗುತ್ತದೆ. ಮುಂದಿನ ಸಲಕ್ಕೆ 60 ಕಿಲೋ ಎತ್ತಿಟ್ಟು ಮಿಕ್ಕಿದ್ದನ್ನು ಒಣಗಿಸಬೇಕು. 200 ಕಿಲೋ ಒಣಗಿದರೆ 20 ಕಿಲೋ. ಬರೀ ನೀರಪ್ಪಾ ಅದು! ಹಾಗಾಗಿ ಕಡಲಕಳೆಯ ಟನ್‌ಗಳ ಲೆಕ್ಕ ಓದುವಾಗ ಹಸಿಯದ್ದೋ ಒಣಗಿದ್ದೋ ಅಂತ ಮೊದಲು ಕೇಳಿಕೊಳ್ಳಿ. ಅರ್ಧ ಉತ್ಸಾಹ ಅಲ್ಲೇ ಇಳಿಯುತ್ತದೆ.

ಇದಕ್ಕೆ ಇನ್ನೊಂದು ಮುಖ ಇದೆ. ಈ ಕಳೆ ನಿಜವಾದ ಬೀಜದಿಂದ ಬರುವುದಲ್ಲ, ತುಂಡಿನಿಂದ ತುಂಡು. ಬಾಳೆಯ ಕಂದು ನೆಟ್ಟ ಹಾಗೆ. ಅಂದರೆ ಸಾವಿರಾರು ತೆಪ್ಪಗಳಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ ಗಿಡ. 2013ರಲ್ಲಿ ನೀರು ಬಿಸಿಯಾಯಿತು. ಕಳೆ ಬಣ್ಣ ಬಿಟ್ಟು, ಬಿಳಿಯಾಗಿ, ಮುರಿದು ಉದುರಿತು. ಒಂದಕ್ಕೆ ತಡೆಯಲಾಗದ್ದು ಯಾವುದಕ್ಕೂ ತಡೆಯಲಾಗಲಿಲ್ಲ. ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಟನ್ ಒಣಕಳೆ ಬರುತ್ತಿದ್ದ ಕರಾವಳಿ ನೆಲಕಚ್ಚಿತು. ಹವಾಮಾನ ಬದಲಾವಣೆಗೆ ಮದ್ದು ಅಂದುಕೊಂಡದ್ದನ್ನೇ ಬಿಸಿನೀರು ಮೊದಲು ತಿಂದಿತು. ಅದಕ್ಕೂ ಮುಂಚೆ, ಪಕ್ಕದ ಕುರುಸಡೈ ದ್ವೀಪದ ಹವಳದ ಮೇಲೆ ಇದೇ ಪರದೇಶಿ ಕಳೆ ಹಬ್ಬಿದ್ದನ್ನು ವಿಜ್ಞಾನಿಗಳು ವರದಿ ಮಾಡಿದ್ದರು. ಅದು ಮನ್ನಾರ್ ಕೊಲ್ಲಿಯ ರಾಷ್ಟ್ರೀಯ ಉದ್ಯಾನದ ಒಳಗಿನ ಜಾಗ. 2023ರಲ್ಲಿ ರಾಮನಾಥಪುರದ ವಲಮಾವೂರಿನಲ್ಲಿ ಕಡಲಕಳೆ ಪಾರ್ಕಿಗೆ ಅಡಿಗಲ್ಲು ಹಾಕಿದರು. ಒಳ್ಳೆಯದೇ. ಆದರೆ ಕಟ್ಟಡಕ್ಕಿಂತ ಮೊದಲು ಬೇಕಾದದ್ದು ಬಿಸಿ ತಡೆಯುವ ಬೀಜ, ಅದರಲ್ಲೂ ನಮ್ಮದೇ ತಳಿಯದ್ದು.

ಬೀಜ ಅಂದ ಕೂಡಲೇ ಒಂದು ಕಥೆ ಹೇಳದೆ ಮುಂದೆ ಹೋಗಲಾರೆ. ಜಪಾನಿನ ನೋರಿ ಗೊತ್ತಲ್ಲ, ಅನ್ನ ಸುತ್ತುವ ಕಪ್ಪು ಹಾಳೆ. ಅದರ ಬೀಜ ಎಲ್ಲಿಂದ ಬರುತ್ತದೆ ಅಂತ ಶತಮಾನಗಳ ಕಾಲ ಬೆಳೆಗಾರರಿಗೇ ಗೊತ್ತಿರಲಿಲ್ಲ. ಕೋಲು ನೆಟ್ಟು ಕಾಯುವುದು, ಬಂದರೆ ಬಂತು. 1948ರಲ್ಲಿ ಬೆಳೆ ಪೂರ್ತಿ ಕೈಕೊಟ್ಟಿತು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕ್ಯಾಥ್ಲೀನ್ ಡ್ರೂ ಬೇಕರ್ ಎಂಬ ಹೆಂಗಸು ಅಲ್ಲಿನ ಬಂಡೆಯ ಕಳೆಯೊಂದನ್ನು ನೋಡುತ್ತಾ ಕೂತಿದ್ದರು. ಮದುವೆಯಾದರು ಅನ್ನುವ ಕಾರಣಕ್ಕೆ ಆಕೆಗೆ ವಿಶ್ವವಿದ್ಯಾಲಯದ ಪಾಠ ಹೇಳುವ ಕೆಲಸ ಹೋಗಿತ್ತು. ಸಂಬಳವಿಲ್ಲದೆ ಸಂಶೋಧನೆ ಮಾಡುತ್ತಿದ್ದರು. ಆಕೆ ಕಂಡುಕೊಂಡದ್ದು ಇಷ್ಟು: ಸತ್ತ ಚಿಪ್ಪುಗಳ ಒಳಗೆ ಗುಲಾಬಿ ಬಣ್ಣದ ಎಳೆಯ ಹಾಗೆ ಬೆಳೆಯುವ ಒಂದು ಪಾಚಿ ಇದೆ. ಎಲ್ಲರೂ ಅದನ್ನು ಬೇರೆಯೇ ಜೀವಿ ಅಂದುಕೊಂಡಿದ್ದರು. ಅಲ್ಲ, ಅದು ಇದೇ ಕಳೆಯ ಎಳೆತನ. 1949ರಲ್ಲಿ ಒಂದು ಪುಟ್ಟ ಲೇಖನ ಬಂತು. ಜಪಾನಿನವರು ಅದನ್ನು ಓದಿ, ಚಿಪ್ಪಿನ ಮೇಲೆ ನೋರಿಯ ಬೀಜ ಎಬ್ಬಿಸಲು ಕಲಿತರು. ಇವತ್ತಿನ ನೋರಿ ಉದ್ಯಮ ನಿಂತಿರುವುದೇ ಅದರ ಮೇಲೆ. ಆಕೆ 1957ರಲ್ಲಿ ತೀರಿಕೊಂಡರು. ಜಪಾನ್ ನೋಡಿರಲೇ ಇಲ್ಲ. ಕುಮಾಮೊಟೊ ಪ್ರಾಂತ್ಯದ ಊಟೊ ಎಂಬಲ್ಲಿ ಬೆಳೆಗಾರರು ಆಕೆಯ ಸ್ಮಾರಕ ಕಟ್ಟಿ ಪ್ರತಿ ವರ್ಷ ಏಪ್ರಿಲ್ 14ಕ್ಕೆ ಸೇರುತ್ತಾರೆ. ನಮ್ಮಲ್ಲಾಗಿದ್ದರೆ ಒಂದು ಗುಡಿಯನ್ನೇ ಕಟ್ಟುತ್ತಿದ್ದೆವೋ ಏನೋ.

ಸರಿ, ಈಗ ಪವಾಡದ ಮಾತುಗಳಿಗೆ ಬರೋಣ. ಕಡಲಕಳೆ ಇಂಗಾಲ ಹೀರುತ್ತದೆ, ಹಾಗಾಗಿ ಬೆಳೆದಷ್ಟೂ ಭೂಮಿ ತಂಪು ಅಂತ ನೀವು ಓದಿರಬಹುದು. ಹೀರುವುದು ನಿಜ. ಆದರೆ ನೀವು ಅದನ್ನು ತಿಂದರೆ, ಜೆಲ್ಲಿ ಮಾಡಿದರೆ, ಹೊಲಕ್ಕೆ ಸಿಂಪಡಿಸಿದರೆ ಆ ಇಂಗಾಲ ವರ್ಷದೊಳಗೆ ಮತ್ತೆ ಗಾಳಿಗೆ. ಮುರಿದು ಆಳಸಮುದ್ರಕ್ಕೆ ಇಳಿದದ್ದು ಮಾತ್ರ ಉಳಿಯುತ್ತದೆ. ಜಗತ್ತಿನ ಕಾಡು ಕಡಲಕಳೆಯೆಲ್ಲ ಸೇರಿ ಹೀಗೆ ವರ್ಷಕ್ಕೆ ಸುಮಾರು 17 ಕೋಟಿ ಟನ್ ಇಂಗಾಲ ಮುಳುಗಿಸಬಹುದು ಅಂತ 2016ರ ಒಂದು ಅಂದಾಜು. ನಾವು ಸುಡುವ ಇಂಗಾಲದ ಶೇಕಡಾ ಎರಡೂ ಆಗಲಿಲ್ಲ ಅದು. ಚಿಪ್ಪಿನ ಕಥೆಯೂ ಹಾಗೇ. ಚಿಪ್ಪಿನಲ್ಲಿ ಇಂಗಾಲ ಇದೆ, ಹಾಗಾಗಿ ಚಿಪ್ಪು ಬೆಳೆಸಿದರೆ ಪುಣ್ಯ ಅನ್ನುತ್ತಾರೆ. ಚಿಪ್ಪು ಕಟ್ಟುವಾಗ ನೀರಿಗೆ ಒಂದಿಷ್ಟು ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಇವುಗಳಿಂದ ಲಾಭ ಇರುವುದು ಹೀರುವುದರಲ್ಲಲ್ಲ. ಬೇರೆ ಆಹಾರದಷ್ಟು ಹೊಗೆ ಎಬ್ಬಿಸದೆ ತಟ್ಟೆಗೆ ಬರುವುದರಲ್ಲಿ.

ಕಡಲಕಳೆ ತಿನ್ನಿಸಿದರೆ ಹಸುವಿನ ತೇಗಿನಲ್ಲಿ ಬರುವ, ಭೂಮಿಯನ್ನು ಬಿಸಿ ಮಾಡುವ ಮಿಥೇನ್ ಅನಿಲ ಕಡಿಮೆಯಾಗುತ್ತದೆ ಅನ್ನುವ ಸುದ್ದಿಯೂ ಅಷ್ಟೇ. ಆಸ್ಪರಗಾಪ್ಸಿಸ್ ಅಂತ ಒಂದು ಕೆಂಪು ಕಳೆ, ನಮ್ಮ ಲಕ್ಷದ್ವೀಪ, ಸೌರಾಷ್ಟ್ರದಲ್ಲೂ ಇದೆ. ಮೇವಿಗೆ ಚೂರೇ ಚೂರು ಬೆರೆಸಿದರೆ ಮಿಥೇನ್ ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹೋರಿಗಳ ಮೇಲೆ 21 ವಾರ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶೇಕಡಾ 80ರವರೆಗೂ ಇಳಿದಿತ್ತು. ಆದರೆ ಕೆಲಸ ಮಾಡುವ ವಸ್ತು ಬ್ರೋಮೋಫಾರ್ಮ್, ಜಾಸ್ತಿಯಾದರೆ ವಿಷವಾಗುವ ರಾಸಾಯನಿಕ. ಕಳೆ ಬೆರೆಸಿದ ಮೇವನ್ನು ಎಷ್ಟೋ ದನಗಳು ಕಡಿಮೆ ತಿನ್ನುತ್ತವೆ. ಕೊಟ್ಟಿಗೆಯಲ್ಲಿ ತೂಕ ಮಾಡಿ ಮೇವು ಹಾಕುವ ದೇಶಕ್ಕೆ ಅದು ಸರಿ. ನಮ್ಮ ಹಸು ಬೆಳಿಗ್ಗೆ ಬೇಲಿ, ಮಧ್ಯಾಹ್ನ ಪಕ್ಕದ ಮನೆಯ ಗದ್ದೆ, ಸಂಜೆ ಕಲಗಚ್ಚು. ಯಾವುದಕ್ಕೆ ಬೆರೆಸೋಣ?

ಇನ್ನೂ ಒಂದು. ಕಡಲಕಳೆ ಅನ್ನದ ಜಾಗಕ್ಕೆ ಬರುವುದಿಲ್ಲ. ಅದರ ಪಿಷ್ಟ ನಮ್ಮ ಹೊಟ್ಟೆಗೆ ಸುಲಭವಾಗಿ ಕರಗುವುದಲ್ಲ. ಕೆಲವು ಜಾತಿಗಳಲ್ಲಿ ಅಯೋಡಿನ್ ಬೇಕಾದ್ದಕ್ಕಿಂತ ಜಾಸ್ತಿ. ಕೊಳಕು ನೀರಿನಲ್ಲಿ ಬೆಳೆದರೆ ಸೀಸ, ಆರ್ಸೆನಿಕ್ ಕೂಡ ಹೀರಿಕೊಂಡಿರುತ್ತದೆ. ಉಪ್ಪಿನಕಾಯಿಯ ಜಾಗ, ಸಾರಿನ ಜಾಗ ಕೊಡಿ, ಸಾಕು.

ಹಾಗಾದರೆ ನಮ್ಮ ಕರ್ನಾಟಕದ ಕಡಲಲ್ಲಿ ಯಾಕಿಲ್ಲ ಅಂತ ಕೇಳುತ್ತೀರಿ. ಕಳೆ ಇದೆ. ಕಾರವಾರ, ಮುರ್ಡೇಶ್ವರ, ಮಲ್ಪೆಯ ದ್ವೀಪ, ಎಲ್ಲಿ ಬಂಡೆ ಇದೆಯೋ ಅಲ್ಲೆಲ್ಲ ಒಂದಿಷ್ಟು ಇದೆ. ತೆಪ್ಪ ಕಟ್ಟಿ ಬೆಳೆಸುವುದು ಕಷ್ಟ. ಮಂಡಪಂನ ಪಾಕ್ ಕೊಲ್ಲಿ ಒಂದು ರೀತಿಯ ಕೊಳ. ನಮ್ಮದು ಮಳೆಗಾಲದಲ್ಲಿ ಸಿಟ್ಟಾಗುವ ಕಡಲು. ಜೂನ್ ಬಂದರೆ ಬಿದಿರಿನ ತೆಪ್ಪ ಕಡ್ಡಿಪುಡಿ. ಮೇಲಾಗಿ ಘಟ್ಟದಿಂದ ಇಳಿಯುವ ಹೊಳೆಗಳೆಲ್ಲ ಸೇರಿ ದಂಡೆಯ ನೀರನ್ನು ಸಪ್ಪೆ ಮಾಡುತ್ತವೆ. ಕಳೆಗೆ ಸಪ್ಪೆ ನೀರು ಆಗುವುದಿಲ್ಲ. ನಮಗೆ ಸಿಗುವುದು ದೀಪಾವಳಿ ಕಳೆದ ಮೇಲಿನ ಆರು ತಿಂಗಳು.

ಆ ಆರು ತಿಂಗಳಿಗೆ ಹೇಳಿ ಮಾಡಿಸಿದ್ದು ಪಚ್ಚಿಲೆ. ಬಂಡೆಯ ಮೇಲಿನ ಮರಿಗಳನ್ನು ತಂದು, ನೈಲಾನ್ ಹಗ್ಗದ ಸುತ್ತ ಇಟ್ಟು, ಸೊಳ್ಳೆಪರದೆಯಂಥ ಹತ್ತಿ ಬಟ್ಟೆ ಸುತ್ತಿ ಹೊಲಿಯುತ್ತಾರೆ. ಅಳಿವೆಯಲ್ಲಿ ಕಂಬ ನೆಟ್ಟು ಇಳಿಬಿಡುತ್ತಾರೆ. ಮೂರ್ನಾಲ್ಕು ದಿನಕ್ಕೆ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಮರಿಗಳು ತಮ್ಮದೇ ಎಳೆ ಬಿಟ್ಟು ಹಗ್ಗ ಕಚ್ಚಿರುತ್ತವೆ. ಐದಾರು ತಿಂಗಳಿಗೆ ಹಗ್ಗ ಎತ್ತಿದರೆ ತೋಳಿನ ಗಾತ್ರದ ಹಸಿರು ಗೊಂಚಲು. ಕಾಸರಗೋಡಿನ ಪಡನ್ನ, ಚೆರುವತ್ತೂರಿನ ಕಡೆ ಹೆಂಗಸರ ಗುಂಪುಗಳು 1990ರ ದಶಕದಿಂದ ಇದನ್ನು ಮಾಡುತ್ತಾ ಬಂದಿವೆ.

ನಾನೂ ಮಾಡಿ ಕೈ ಸುಟ್ಟುಕೊಂಡವನು. ಗೆಳೆಯರು ನಾಲ್ವರು ಸೇರಿ ಅಳಿವೆಯಲ್ಲಿ ಮುನ್ನೂರು ಹಗ್ಗ ಇಳಿಬಿಟ್ಟಿದ್ದೆವು. ಏಪ್ರಿಲ್ ಕೊನೆಗೆ ಎತ್ತಬೇಕಿತ್ತು. ಇನ್ನೊಂದು ಹದಿನೈದು ದಿನ ಬಿಟ್ಟರೆ ತೂಕ ಬರುತ್ತದೆ ಅಂತ ಆಸೆ. ಮೇ ಎರಡನೇ ವಾರ ಘಟ್ಟದ ಮೇಲೆ ಜಡಿಮಳೆ. ಎರಡು ದಿನಕ್ಕೆ ಹೊಳೆ ಕೆಂಪಾಯಿತು, ನೀರು ಸಪ್ಪೆಯಾಯಿತು. ಹೋಗಿ ನೋಡಿದರೆ ಚಿಪ್ಪುಗಳೆಲ್ಲ ಬಾಯಿ ತೆರೆದುಕೊಂಡಿವೆ. ಮುಟ್ಟಿದರೂ ಮುಚ್ಚುತ್ತಿಲ್ಲ. ಆ ವಾಸನೆ ಅಜ್ಜನ ತೋಟದ್ದಕ್ಕಿಂತ ಕೆಟ್ಟದಾಗಿತ್ತು. ಮಳೆಯ ಲೆಕ್ಕ ತಪ್ಪುತ್ತಿರುವ ಈ ಕಾಲದಲ್ಲಿ ಮಳೆಯನ್ನು ನಂಬಿ ಇನ್ನೂ ಹದಿನೈದು ದಿನ ಅನ್ನಬಾರದು, ಅಷ್ಟು ಕಲಿತೆ.

ಸಾಕುವ ಗೋಜೂ ಇಲ್ಲದ್ದು ನೋಡಬೇಕಾದರೆ ಕುಮಟಾಕ್ಕೆ ಹೋಗಿ. ಅಘನಾಶಿನಿ ಅಣೆಕಟ್ಟು ಕಾಣದ ನದಿ. ಶಿರಸಿಯಲ್ಲಿ ಹುಟ್ಟಿ ತದಡಿಯಲ್ಲಿ ಕಡಲು ಸೇರುತ್ತದೆ. ಇಳಿತದ ಹೊತ್ತಿಗೆ ಅಳಿವೆಯ ಮರಳುದಿಬ್ಬ ಮೇಲೆದ್ದಾಗ ನೂರಾರು ಜನ ಬಗ್ಗಿ ನಿಂತಿರುತ್ತಾರೆ. ಕೈಯಿಂದ, ಕಾಲಿನಿಂದ ಮರಳು ಕೆದಕಿ ಬಳಚು ಅನ್ನುವ ಚಿಪ್ಪು ಹೆಕ್ಕುವುದು. ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಅದೇ ದುಡಿಮೆ. ಬಂಡವಾಳ ಅಂದರೆ ಒಂದು ಬುಟ್ಟಿ, ಒಂದು ಪಾಲು ದೋಣಿ. ಬಳಚಿನಲ್ಲಿ ಕಬ್ಬಿಣ ಇದೆ, ಬಿ12 ಇದೆ. ಗರ್ಭಿಣಿಯರಿಗೆ ನಾವು ಮಾತ್ರೆ ಮಾಡಿ ಕೊಡುವಂಥವೇ. ರಾತ್ರಿ ಉಪ್ಪುನೀರಿನಲ್ಲಿ ಬಿಟ್ಟರೆ ಮರಳು ಉಗುಳುತ್ತದೆ, ಬೆಳಿಗ್ಗೆ ಸುಕ್ಕಾ. ತುಳುನಾಡಿನವರಾದರೆ ಮರುವಾಯಿ ಪುಂಡಿ. ಮಿಕ್ಕ ಚಿಪ್ಪು ಸುಣ್ಣದ ಗೂಡಿಗೆ. 2024ರ ಜನವರಿಯಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು.

ಅದೇ ಅಳಿವೆಯ ಅಂಚಿನಲ್ಲಿ ಗಜನಿ, ಅಂದರೆ ಉಪ್ಪುನೀರಿನ ಗದ್ದೆಗಳಿವೆ. ಮಾಣಿಕಟ್ಟಾದ ಕಡೆ ಈಗಲೂ ಕಗ್ಗ ಬಿತ್ತುವವರಿದ್ದಾರೆ. ಕಗ್ಗ ಉಪ್ಪು ತಡೆಯುವ ಭತ್ತ. ನೀರಿನಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರವಿಲ್ಲ, ಔಷಧಿಯಿಲ್ಲ. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲನ್ನು ಹಾಗೇ ಬಿಡುತ್ತಾರೆ. ಆಮೇಲೆ ಒಡ್ಡಿನ ಹಲಗೆ ಎತ್ತಿದರೆ ಭರತದ ನೀರಿನ ಜೊತೆ ಸಿಗಡಿ, ಮೀನಿನ ಮರಿ ಒಳಗೆ ಬರುತ್ತವೆ, ಕೊಳೆಯುವ ಹುಲ್ಲಿನ ಆಸರೆಯಲ್ಲಿ ಬೆಳೆಯುತ್ತವೆ. ಒಂದೇ ಗದ್ದೆ, ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಪದಾರ್ಥ. ಕಡಲು ಏರುತ್ತಿರುವ ಕಾಲಕ್ಕೆ ಏನು ಬೆಳೆಯಬೇಕು ಅಂತ ಸಮ್ಮೇಳನ ನಡೆಸುತ್ತೇವಲ್ಲ, ಆ ಬೀಜ ಮಾಣಿಕಟ್ಟಾದ ಕಣಜದಲ್ಲಿದೆ. ಕಾವಲು ಬೇಕಾಗಿರುವುದು ಒಡ್ಡಿಗೆ. ಒಡ್ಡು ಒಡೆದು ಒಂದೆರಡು ವರ್ಷ ಬಿಟ್ಟರೆ ಬೀಜವೂ ಹೋದಂತೆ.

ನೀವು ಬಯಲುಸೀಮೆಯವರು, ಇದೆಲ್ಲ ದೂರದ ಮಾತಾಯಿತು. ನಿಮ್ಮೂರಿನ ಕೆರೆಗೆ ಬರೋಣ. ಕೆರೆಗೆ ಕಾಟ್ಲಾ, ರೋಹು ಮರಿ ಬಿಡುತ್ತಾರೆ. ತಾವೇ ಹುಟ್ಟಿ ಬೆಳೆದ ಸಣ್ಣ ಮೀನಿಗೆ ಇಲಾಖೆಯ ಭಾಷೆಯಲ್ಲಿ ಕಳೆಮೀನು ಅನ್ನುತ್ತಾರೆ. ನೋಡಿ, ಇಲ್ಲೂ ಕಳೆ! ಬಾಂಗ್ಲಾದೇಶದಲ್ಲಿ ಕೊಳಕ್ಕೆ ಮರಿ ಬಿಡುವ ಮೊದಲು ವಿಷ ಹಾಕಿ ಇವನ್ನೆಲ್ಲ ಕೊಲ್ಲುತ್ತಿದ್ದರು. ಶಕುಂತಳಾ ಥಿಲ್ಸ್ಟೆಡ್ ಅಂತ ಒಬ್ಬರು, ಟ್ರಿನಿಡಾಡಿನಲ್ಲಿ ಹುಟ್ಟಿದ ಭಾರತ ಮೂಲದ ವಿಜ್ಞಾನಿ, ಅಲ್ಲಿ ಮೋಲಾ ಎಂಬ ಬೆರಳುದ್ದದ ಮೀನನ್ನು ಪರೀಕ್ಷಿಸಿದರು. ತಲೆ, ಕಣ್ಣು, ಮುಳ್ಳು ಸಮೇತ ತಿನ್ನುವ ಮೀನು. ಎ ಜೀವಸತ್ವ, ಕ್ಯಾಲ್ಸಿಯಂ, ಕಬ್ಬಿಣ ತುಂಬಿ ತುಳುಕುತ್ತಿತ್ತು. ದೊಡ್ಡ ಮೀನಿನ ಜೊತೆ ಒಂದೇ ಕೊಳದಲ್ಲಿ ಇದನ್ನೂ ಬೆಳೆಸಿ, ದೊಡ್ಡದನ್ನು ಮಾರಿ, ಸಣ್ಣದನ್ನು ಮಕ್ಕಳಿಗೆ ಕೊಡಿ ಅಂದರು. 2021ರ ವಿಶ್ವ ಆಹಾರ ಪ್ರಶಸ್ತಿ ಅವರಿಗೆ ಬಂತು. ದೊಡ್ಡ ಮೀನಿನ ತುಂಡು ಮನೆಯಲ್ಲಿ ಯಾರ ತಟ್ಟೆಗೆ ಹೋಗುತ್ತದೆ ಅಂತ ನಿಮಗೂ ಗೊತ್ತು. ಸಣ್ಣ ಮೀನಿನ ಸಾರು ಸೌಟಿನಲ್ಲಿ ಎಲ್ಲರಿಗೂ ಬೀಳುತ್ತದೆ.

ಕೊನೆಗೆ ಮತ್ತೆ ಬೈಗೆ. ಅದು ಬರುವುದೂ ಹೋಗುವುದೂ ಕಡಲಿನ ಮರ್ಜಿ. 1940ರ ದಶಕದಲ್ಲಿ ಹೀಗೇ ಮಾಯವಾದಾಗ ಮದ್ರಾಸ್ ಸರ್ಕಾರ ಮರಿಮೀನು ಹಿಡಿಯದಂತೆ ಕಟ್ಟಳೆ ಮಾಡಿತ್ತು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. ಈಚೆಗೆ ಕೇರಳದಲ್ಲಿ 2012ಕ್ಕೆ ಸುಮಾರು 4 ಲಕ್ಷ ಟನ್ ಸಿಕ್ಕಿದ್ದು 2021ಕ್ಕೆ 3,297 ಟನ್ನಿಗೆ ಇಳಿಯಿತು. ಲಕ್ಷ ಅಲ್ಲ, ಬರೀ ಮೂರು ಸಾವಿರದ ಚಿಲ್ಲರೆ. ಆಮೇಲೆ ಮತ್ತೆ ಲಕ್ಷ ದಾಟಿತು. ನೀರಿನ ಬಿಸಿ, ಎಲ್ ನಿನೊ, ಅತಿಯಾಗಿ ಹಿಡಿದದ್ದು, ಎಲ್ಲದರ ಪಾಲೂ ಇದೆ.

ಸಿಕ್ಕಿದ ವರ್ಷ ಎಲ್ಲಿಗೆ ಹೋಗುತ್ತದೆ? ಈಗ ತೆಂಗಿನ ಬುಡಕ್ಕೆ ಹಾಕುವವರಿಲ್ಲ. ನಮ್ಮ ಕರಾವಳಿಯಲ್ಲಿ ಫಿಶ್‌ಮೀಲ್ ಫ್ಯಾಕ್ಟರಿಗಳಿವೆ. ನಾಲ್ಕೈದು ಕಿಲೋ ಮೀನು ಬೇಯಿಸಿ, ಹಿಂಡಿ, ಒಣಗಿಸಿದರೆ ಒಂದು ಕಿಲೋ ಪುಡಿ. ಆ ಪುಡಿ ಸಿಗಡಿಗೆ, ಕೋಳಿಗೆ ಮೇವಾಗುತ್ತದೆ. ಸಿಗಡಿ ಐಸ್ ಪೆಟ್ಟಿಗೆಯಲ್ಲಿ ಹಡಗು ಹತ್ತುತ್ತದೆ. ಮೇವೇ ಬೇಡದ ಮೀನು ಇನ್ನೊಂದಕ್ಕೆ ಮೇವಾಯಿತು. ಫ್ಯಾಕ್ಟರಿಯವರನ್ನು ಬೈದು ಪ್ರಯೋಜನವಿಲ್ಲ. ಅವರು ಬರದಿದ್ದರೆ ಆ ಮೀನಿಗೆ ಆ ದಿನ ಬೆಲೆಯೇ ಇಲ್ಲ.

ಹೋದ ವರ್ಷ ಊರಿನ ಬಂದರಿನಲ್ಲಿ ನಿಂತಿದ್ದೆ. ಒಂದು ಬೋಟು ಬೈಗೆ, ಚಿಲ್ಲರೆ ಮೀನು ಎಲ್ಲ ಕಲೆಸಿ ಬಂದರಿನ ಕಟ್ಟೆಯ ಮೇಲೆ ಸುರಿಯಿತು. ಸಲಿಕೆಯಲ್ಲಿ ಲಾರಿಗೆ ತುಂಬುತ್ತಿದ್ದರು. ಪಕ್ಕದಲ್ಲಿ ಬುಟ್ಟಿ ಹಿಡಿದ ಮೀನುಗಾರ್ತಿ ನಿಂತಿದ್ದರು. ನೀವು ತಗೊಳ್ಳಲ್ವಾ ಅಕ್ಕ ಅಂದೆ. "ಐಸ್ ಹಾಕಿ ತಂದಿದ್ರೆ ನಾನೇ ತಕಂತಿದ್ದೆ ಮಾರಾಯ್ರೆ, ಇದನ್ನ ಯಾರ್ ತಿಂತ್ರ್?" ಅಂದರು. ಬೋಟಿನವರನ್ನು ಕೇಳಿದರೆ, ಹತ್ತು ರೂಪಾಯಿಯ ಮೀನಿಗೆ ಐಸ್ ಹಾಕಿದರೆ ಐಸಿನ ದುಡ್ಡು ಹುಟ್ಟುವುದಿಲ್ಲ, ಆ ಐಸ್ ಬೆಲೆಬಾಳುವ ಅಂಜಲ್, ಬೊಂಡಾಸಿಗೆ ಬೇಕು ಅಂದರು. ಅವರದ್ದೂ ಸುಳ್ಳಲ್ಲ. ಅಷ್ಟರಲ್ಲಿ ಆ ಅಕ್ಕ ಬಗ್ಗಿ, ರಾಶಿಯ ಅಡಿಯಿಂದ ಕಣ್ಣು ಹೊಳೆಯುವ ಹತ್ತು ಹನ್ನೆರಡು ಬೈಗೆ ಹೆಕ್ಕಿ, ಬೆರಳಿನಿಂದ ಒತ್ತಿ ನೋಡಿ, ಸೆರಗಿನ ಮರೆಯಲ್ಲಿದ್ದ ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿಕೊಂಡರು. "ಮಾರೂಕಲ್ಲ, ಮನೆಗೆ," ಅಂದರು.